ಎಚ್‌ಡಿಯಲ್ಲಿ ಮ್ಯಾಚ್ ನೋಡಲು ದುಡ್ಡು ಕಟ್ಟುವ ಮೊದಲು

ಐಪಿಎಲ್ ಹತ್ತಿರ ಬಂತು ಅಂದರೆ ಸಾಕು, ಸ್ಪೋರ್ಟ್ಸ್ ಎಚ್‌ಡಿ ಪ್ಯಾಕ್ ಹಾಕಿಸಿಕೊಳ್ಳಿ ಅಂತ ಮೆಸೇಜ್ ಮೇಲೆ ಮೆಸೇಜ್ ಬರುತ್ತದೆ. ಎಚ್‌ಡಿ ಅಂದರೆ ಹೆಚ್ಚು ಸ್ಪಷ್ಟವಾದ ಚಿತ್ರ, ಪ್ಯಾಕ್ ಅಂದರೆ ಹಲವು ಚಾನೆಲ್ ಒಟ್ಟಿಗೆ ಕಟ್ಟಿ ಮಾರುವುದು. ಹಾಕಿಸಬೇಕಾ, ಬೇಡವಾ? ನನ್ನ ಉತ್ತರ ಇಷ್ಟೇ: ಎಚ್‌ಡಿ ಹಾಕಿಸಿ, ಪ್ಯಾಕ್ ಬೇಡ. ನಾವು ನಿಜವಾಗಿ ನೋಡುವ ಚಾನೆಲ್ ಒಂದೋ ಎರಡೋ. ಅದನ್ನು ಮಾತ್ರ ಬಿಡಿಯಾಗಿ ತಗೊಂಡು, ಸೀಸನ್ ಮುಗಿದ ಮೇಲೆ ತೆಗೆಸಿದರಾಯಿತು. ಆದರೆ ಒಂದು ರೂಪಾಯಿ ಕಟ್ಟುವ ಮೊದಲು ಮನೆಯಲ್ಲೇ ನೋಡಬೇಕಾದ ಕೆಲಸ ಸ್ವಲ್ಪ ಇದೆ, ಯಾಕೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಮನೆಗಳಲ್ಲಿ ತಿಂಗಳು ತಿಂಗಳು ಎಚ್‌ಡಿಗೆ ದುಡ್ಡು ಹೋಗುತ್ತಿರುತ್ತದೆ, ಟಿವಿಯಲ್ಲಿ ಬರುವುದು ಮಾತ್ರ ಅದೇ ಹಳೇ ಮಸುಕು ಚಿತ್ರ.

ಮೊದಲು ಟಿವಿಯ ಹಿಂದೆ ಕೈ ಹಾಕಿ ನೋಡಿ. ಸೆಟ್ ಟಾಪ್ ಬಾಕ್ಸ್‌ನಿಂದ ಟಿವಿಗೆ ಯಾವ ವೈರ್ ಬಂದಿದೆ? ಕೆಂಪು, ಬಿಳಿ, ಹಳದಿ ಮೂರು ಪಿನ್ ಇದ್ದರೆ ಎಚ್‌ಡಿ ಮಾತು ಅಲ್ಲಿಗೇ ಮುಗಿಯಿತು. ಆ ಹಳದಿ ವೈರಿನಲ್ಲಿ ಎಚ್‌ಡಿ ಚಿತ್ರ ಹೋಗುವುದೇ ಇಲ್ಲ, ನೀವು ಎಷ್ಟೇ ದುಡ್ಡು ಕಟ್ಟಿ. ಚಪ್ಪಟೆ ತಲೆಯ ಎಚ್‌ಡಿಎಂಐ ಕೇಬಲ್ ಬೇಕು. ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿ ಬಜಾರ್‌ನಲ್ಲೋ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಸಿಗುತ್ತದೆ. ಮೀಟರ್ ಒಂದೂವರೆ ಮೀಟರ್ ಉದ್ದ ಸಾಕು, ಚಿನ್ನದ ಬಣ್ಣದ ತುದಿ ಇದ್ದದ್ದಕ್ಕೆ ಎರಡು ಪಟ್ಟು ಕೊಡಬೇಕಾಗಿಲ್ಲ. ಟಿವಿ ಹೊಸದು ತಂದವರು ಕೂಡ ಹಳೇ ವೈರನ್ನೇ ಹಾಗೇ ಚುಚ್ಚಿಟ್ಟಿರುತ್ತಾರೆ, ಚಿತ್ರ ಬಂತಲ್ಲ ಅಂತ ಫಿಟ್ ಮಾಡಲು ಬಂದವನೂ ಸುಮ್ನೆ ಹೋಗಿರುತ್ತಾನೆ.

ಆಮೇಲೆ ಬಾಕ್ಸ್. ಡಿಟಿಎಚ್, ಅಂದರೆ ಮನೆಯ ಡಿಶ್‌ನಿಂದ ಬರುವ ಕನೆಕ್ಷನ್‌ನ ಬಾಕ್ಸ್ ಆದರೆ ಮುಂದೆಯೋ ಕೆಳಗೋ ಎಚ್‌ಡಿ ಅಂತ ಬರೆದಿರುತ್ತದೆ. ಹಿಂದೆ ಎಚ್‌ಡಿಎಂಐ ತೂತೇ ಇಲ್ಲ ಅಂದರೆ ಅದು ಎಸ್‌ಡಿ, ಅಂದರೆ ಹಳೇ ಸಾಧಾರಣ ಚಿತ್ರದ ಬಾಕ್ಸ್, ಬದಲಾಯಿಸದೆ ಬೇರೆ ದಾರಿ ಇಲ್ಲ. ಕೇಬಲ್ ಕನೆಕ್ಷನ್ ಇರುವವರು ಇನ್ನೂ ಸ್ವಲ್ಪ ಹುಷಾರಾಗಿರಬೇಕು, ಹಳ್ಳಿ ಕಡೆ ಕೇಬಲ್‌ನವರು ಕೊಟ್ಟ ಬಾಕ್ಸ್ ಎಸ್‌ಡಿಯೇ ಇರುವುದು ಜಾಸ್ತಿ. ಬಾಕ್ಸ್ ಬದಲಾಯಿಸಲು ಒಂದು ಸಲದ ಖರ್ಚು ಎಷ್ಟು ಅಂತ ಕೇಳಿ, ರಸೀದಿ ಕೊಡುತ್ತಾರಾ ಅಂತಲೂ ಕೇಳಿ.

ಎಚ್‌ಡಿ ಬಾಕ್ಸ್ ಇದ್ದೂ ಚಿತ್ರ ಚೆನ್ನಾಗಿಲ್ಲ ಅಂದರೆ ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ವಿಡಿಯೋ ಅಥವಾ ಡಿಸ್‌ಪ್ಲೇ ಅಂತ ಒಂದು ಜಾಗ ಇರುತ್ತದೆ. ಅಲ್ಲಿ 576 ಅಂತ ಕೂತಿದ್ದರೆ 1080ಕ್ಕೆ ಬದಲಾಯಿಸಿ. ಆಟಗಾರರೆಲ್ಲ ಗುಂಡಗೆ ಅಡ್ಡಕ್ಕೆ ಊದಿಕೊಂಡ ಹಾಗೆ ಕಾಣುತ್ತಿದ್ದರೆ ಅಳತೆಯನ್ನು 16:9 ಮಾಡಿ. ಎಚ್‌ಡಿಎಂಐ ಹಾಕಿದ ಮೇಲೆ ಚಿತ್ರ ಬಂದು ಶಬ್ದ ಬರಲಿಲ್ಲ ಅಂತ ಕೆಲವರು ಗಾಬರಿ ಆಗುತ್ತಾರೆ. ಆಡಿಯೋ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಇದ್ದದ್ದನ್ನು ಪಿಸಿಎಂ ಅಥವಾ ಸ್ಟೀರಿಯೋ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಎಸ್‌ಡಿ ಚಿತ್ರ ಅಂದರೆ 720ಕ್ಕೆ 576 ಚುಕ್ಕಿ. ಎಚ್‌ಡಿ ಅಂದರೆ 1920ಕ್ಕೆ 1080. ಗುಣಿಸಿ ನೋಡಿ, ಸರಿಯಾಗಿ ಐದು ಪಟ್ಟು. ಧಾರಾವಾಹಿಗೆ ಈ ಐದು ಪಟ್ಟು ಬೇಕೇ ಬೇಕು ಅಂತ ನನಗೆ ಅನಿಸಿಲ್ಲ, ಆದರೆ ಕ್ರಿಕೆಟ್‌ಗೆ ಬೇಕು. ಚೆಂಡು ಚಿಕ್ಕದು, ವೇಗ ಜಾಸ್ತಿ, ಮೈದಾನ ದೊಡ್ಡದು, ಎಸ್‌ಡಿಯಲ್ಲಿ ಬೌಂಡರಿ ಕಡೆ ಹೋದ ಚೆಂಡು ಹುಲ್ಲಿನಲ್ಲಿ ಕರಗಿಹೋಗುತ್ತದೆ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆಯುತ್ತಿದ್ದ ಕಾಲಕ್ಕೆ ಇದು ಇರಬೇಕಿತ್ತು. ಕಬಡ್ಡಿಗೂ ಎಚ್‌ಡಿ ಚೆಂದವೇ, ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ಎದ್ದಿತ್ತಾ ಇಲ್ವಾ ಅಂತ ಮನೆಯಲ್ಲೇ ಅಂಪೈರಿಂಗ್ ಮಾಡಬಹುದು.

ಟಿವಿ ಅಳತೆ ಮತ್ತು ಕೂರುವ ದೂರದ ಲೆಕ್ಕವೂ ಇದೆ. ಮಲೆನಾಡಿನ ಹಳೇ ಮನೆಗಳಲ್ಲಿ ಜಗುಲಿ ಉದ್ದ. ಒಂದು ತುದಿಯಲ್ಲಿ 32 ಇಂಚಿನ ಟಿವಿ, ಇನ್ನೊಂದು ತುದಿಯಲ್ಲಿ ಮರದ ಬೆಂಚು. ಹತ್ತು ಹನ್ನೆರಡು ಅಡಿ ದೂರದಿಂದ 32 ಇಂಚು ನೋಡುವವರಿಗೆ ಎಸ್‌ಡಿ ಎಚ್‌ಡಿ ವ್ಯತ್ಯಾಸ ಕಮ್ಮಿಯೇ ಗೊತ್ತಾಗುತ್ತದೆ, ಕಣ್ಣಿಗೆ ಆ ಚುಕ್ಕಿಗಳು ಬಿಡಿಸಿ ಕಾಣುವುದಿಲ್ಲ. 43 ಇಂಚು ಅಥವಾ ಅದಕ್ಕಿಂತ ದೊಡ್ಡದಾದರೆ ಅಷ್ಟು ದೂರಕ್ಕೂ ದುಡ್ಡು ಸಾರ್ಥಕ. ಚಿಕ್ಕ ಟಿವಿ ಇದ್ದವರು ಬೆಂಚನ್ನೇ ಮುಂದಕ್ಕೆ ಎಳೆದುಕೊಳ್ಳಿ, ಅದಕ್ಕೆ ಜಿಎಸ್‌ಟಿ ಇಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್ 2019ರ ಫೆಬ್ರವರಿಯಿಂದ ತಂದ ನಿಯಮದಲ್ಲಿ ಪ್ರತಿ ಪೇ ಚಾನೆಲ್‌ಗೂ, ಅಂದರೆ ದುಡ್ಡು ಕಟ್ಟಿ ನೋಡುವ ಚಾನೆಲ್‌ಗೂ, ಬಿಡಿ ಬೆಲೆ ಇದೆ, ನಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಬಹುದು. ಪ್ಯಾಕ್‌ನೊಳಗೆ ಸೇರಿಸಬೇಕಾದರೆ ಒಂದು ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ಮೀರಬಾರದು ಅಂತ ಮಿತಿ ಇಟ್ಟರು. ನಡುವೆ ಅದನ್ನು 12ಕ್ಕೆ ಇಳಿಸುವ ಆದೇಶ ಬಂತು, ಕೋರ್ಟು ಕಚೇರಿ ಆಯಿತು, 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೇ ಬಂದು ನಿಂತಿತು. ದೊಡ್ಡ ಸ್ಪೋರ್ಟ್ಸ್ ಚಾನೆಲ್‌ಗಳ ಬೆಲೆ 19ಕ್ಕೆ ಬಂದು ಕೂರುವುದಕ್ಕೆ ಇದೇ ಕಾರಣ. 19ರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ 22 ರೂಪಾಯಿ 42 ಪೈಸೆ. ಎರಡು ಚಾನೆಲ್ ಅಂದರೆ ತಿಂಗಳಿಗೆ 45ರ ಹತ್ತಿರ. ಅಷ್ಟೇ ಮಾರಾಯ್ರೆ, ಇದಕ್ಕೆ ನೂರಿನ್ನೂರರ ಪ್ಯಾಕ್ ಯಾಕೆ?

ಇದರಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. 2019ರಲ್ಲಿ ಹೊಸ ಬೆಲೆ ಬಂದಾಗ ಸ್ಟಾರ್ ಸ್ಪೋರ್ಟ್ಸ್ 1 ಎಸ್‌ಡಿಗೂ 19, ಅದರ ಎಚ್‌ಡಿಗೂ 19 ಇತ್ತು. ಅಂದರೆ ಎಸ್‌ಡಿ ತೆಗೆದು ಅದರ ಜಾಗಕ್ಕೆ ಎಚ್‌ಡಿ ಹಾಕಿಸಿದವರಿಗೆ ಜಾಸ್ತಿ ಖರ್ಚೇ ಇಲ್ಲ. ಎಸ್‌ಡಿ ಇಟ್ಟುಕೊಂಡೇ ಎಚ್‌ಡಿಯನ್ನೂ ಸೇರಿಸಿದವರಿಗೆ ಮಾತ್ರ ಅದು ಹೆಚ್ಚುವರಿ ಶುಲ್ಕ. ಆದ್ದರಿಂದ ಫೋನ್ ಮಾಡಿದಾಗ 'ಎಚ್‌ಡಿ ಸೇರಿಸಿ' ಅನ್ನಬೇಡಿ, 'ಎಸ್‌ಡಿ ತೆಗೆದು ಎಚ್‌ಡಿ ಹಾಕಿ' ಅನ್ನಿ. ಒಂದೇ ಚಾನೆಲ್‌ನ ಎಸ್‌ಡಿಯನ್ನೂ ಎಚ್‌ಡಿಯನ್ನೂ ಒಂದೇ ಪ್ಯಾಕ್‌ನಲ್ಲಿ ತುಂಬಬಾರದು ಅಂತ ನಿಯಮವೇ ಇದೆ, ಆದರೆ ಪ್ಯಾಕ್ ಒಂದು ಕಡೆ, ಬಿಡಿ ಚಾನೆಲ್ ಇನ್ನೊಂದು ಕಡೆ ತಗೊಂಡರೆ ಎರಡೂ ಬಂದು ಕೂರುತ್ತವೆ, ಯಾರೂ ಎಚ್ಚರಿಸುವುದಿಲ್ಲ. ಇವತ್ತಿನ ಬೆಲೆ ಎಷ್ಟು ಅಂತ ತಿಳಿಯಲು ರಿಮೋಟ್‌ನಲ್ಲಿ ಗೈಡ್ ಒತ್ತಿ, ಚಾನೆಲ್ ಹೆಸರಿನ ಜೊತೆಗೇ ಬೆಲೆ ತೋರಿಸಬೇಕು ಅಂತ ಟ್ರಾಯ್ ಹೇಳಿದೆ. ಟ್ರಾಯ್‌ನದ್ದೇ ಚಾನೆಲ್ ಸೆಲೆಕ್ಟರ್ ಅನ್ನುವ ಆ್ಯಪ್ ಕೂಡ 2020ರಲ್ಲಿ ಬಂತು.

ಚಾನೆಲ್ ಬೆಲೆ ಅಲ್ಲದೆ ನೆಟ್‌ವರ್ಕ್ ಕೆಪಾಸಿಟಿ ಫೀ ಅಂತ ಇನ್ನೊಂದು ಇದೆ. ಏನೂ ನೋಡದಿದ್ದರೂ ಕಟ್ಟಬೇಕಾದ ದುಡ್ಡು ಅದು. ಮೊದಲು ಇದಕ್ಕೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಲೆಕ್ಕ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದು ಕಂಪನಿಗಳಿಗೇ ಬಿಟ್ಟಿತು, ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಎಷ್ಟಿದೆ ಅಂತ ನೀವೇ ನೋಡಬೇಕು. ಚಾನೆಲ್ ಜಾಸ್ತಿಯಾದರೆ ಈ ಫೀಯೂ ಏರಬಹುದು, ಆ ಎಣಿಕೆಯಲ್ಲಿ ಒಂದು ಎಚ್‌ಡಿಯನ್ನು ಎರಡು ಎಸ್‌ಡಿ ಅಂತ ಹಿಡಿಯುವ ಲೆಕ್ಕ ಇತ್ತು. ಹತ್ತು ಹದಿನೈದು ಎಚ್‌ಡಿ ಚಾನೆಲ್ ಇರುವ ದೊಡ್ಡ ಪ್ಯಾಕ್ ತಗೊಂಡವರಿಗೆ ಇದು ತಾಗಬಹುದು. ಒಂದೆರಡು ಬಿಡಿ ಚಾನೆಲ್ ಹಾಕಿದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯಾವ ಚಾನೆಲ್ ಹಾಕಿಸಬೇಕು ಅನ್ನುವುದು ಮ್ಯಾಚ್ ಯಾವುದು ಅನ್ನುವುದರ ಮೇಲೆ. ಐಪಿಎಲ್‌ನ ಟಿವಿ ಹಕ್ಕು 2023ರಿಂದ 2027ರ ತನಕ ಸ್ಟಾರ್ ಸ್ಪೋರ್ಟ್ಸ್‌ನವರದ್ದು. ಐಸಿಸಿ ಟೂರ್ನಿಗಳದ್ದೂ 2024ರಿಂದ 2027ರ ತನಕ ಅವರದ್ದೇ. ಪ್ರೊ ಕಬಡ್ಡಿಯೂ ಅಲ್ಲೇ. ಏಷ್ಯಾ ಕಪ್ ಬಂದರೆ ಸೋನಿ ಸ್ಪೋರ್ಟ್ಸ್‌ಗೆ ಹೋಗಬೇಕು. 2025ರ ಜೂನ್‌ನಿಂದ ಆಗಸ್ಟ್ ತನಕ ಇಂಗ್ಲೆಂಡ್‌ನಲ್ಲಿ ನಡೆದ ಐದು ಟೆಸ್ಟ್ ಟಿವಿಯಲ್ಲಿ ಬಂದದ್ದು ಸೋನಿಯಲ್ಲಿ, ನೆಟ್‌ನಲ್ಲಿ ಬಂದದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ. ಸ್ಟಾರ್ ಹಾಕಿಸಿಕೊಂಡಿದ್ದೇನೆ, ಇಂಡಿಯಾ ಮ್ಯಾಚ್ ಯಾಕೆ ಬರುತ್ತಿಲ್ಲ ಅಂತ ಆಗ ಸುಮಾರು ಜನ ಕೇಳುತ್ತಿದ್ದರು. ಪ್ರವಾಸದ ಸರಣಿ ಯಾರ ನೆಲದಲ್ಲೋ ಅಲ್ಲಿನ ಬೋರ್ಡ್ ಹಕ್ಕು ಮಾರುತ್ತದೆ, ಅದಕ್ಕೇ ಈ ಗೊಂದಲ. ಸರಣಿ ಶುರುವಾಗುವ ವಾರ ಪೇಪರ್‌ನ ಕ್ರೀಡಾ ಪುಟದ ಮೂಲೆಯಲ್ಲಿ ನೇರಪ್ರಸಾರ ಅಂತ ಹಾಕಿರುತ್ತಾರೆ, ಅದನ್ನು ನೋಡಿ ಆಮೇಲೆ ದುಡ್ಡು ಕಟ್ಟಿ.

ಕನ್ನಡ ಕಾಮೆಂಟರಿ ಬೇಕು ಅನ್ನುವವರಿಗೆ ಒಂದು ಮಾತು. ಕನ್ನಡ ಸ್ಪೋರ್ಟ್ಸ್ ಚಾನೆಲ್ ಹಾಕಿಸುವಾಗ ಹೆಸರಿನ ಮುಂದೆ ಎಚ್‌ಡಿ ಅಂತ ಇದೆಯಾ ಅಂತ ಗೈಡ್‌ನಲ್ಲಿ ನೋಡಿಯೇ ಹೇಳಿ. ಇಲ್ಲದಿದ್ದರೆ ಚಿತ್ರ ಬೇಕಾ ಭಾಷೆ ಬೇಕಾ ಅನ್ನುವುದು ಮನೆಯವರ ತೀರ್ಮಾನ. ಅಜ್ಜ ಅಜ್ಜಿ ಕೂತು ನೋಡುವ ಮನೆಯಲ್ಲಿ ನಾನಾದರೆ ಕನ್ನಡವನ್ನೇ ಇಡುತ್ತೇನೆ. ಕೆಲವು ಚಾನೆಲ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಭಾಷೆ ಇರುತ್ತದೆ, ರಿಮೋಟ್‌ನ ಆಡಿಯೋ ಬಟನ್ ಒತ್ತಿ ಒಮ್ಮೆ ಪರೀಕ್ಷೆ ಮಾಡಿ.

ದುಡ್ಡೇ ಕೊಡದೆ ನೋಡುವ ದಾರಿಯೂ ಇದೆ. 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್‌ನವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಬೇಕು. ಭಾರತದ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ. ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ಇದ್ದವರಿಗೆ ಈ ಪಂದ್ಯಗಳು ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆ ಬರುತ್ತವೆ. 'ನನ್ನ ಡಿಟಿಎಚ್‌ನಲ್ಲೂ ಡಿಡಿ ಸ್ಪೋರ್ಟ್ಸ್ ಇದೆ, ಅದರಲ್ಲಿ ಮ್ಯಾಚ್ ಹೊತ್ತಿಗೆ ಬೇರೆ ಏನೋ ಹಾಕುತ್ತಾರೆ' ಅನ್ನುವವರಿದ್ದಾರೆ. ಅದು ಡಿಟಿಎಚ್‌ನವರ ಕಿತಾಪತಿ ಅಲ್ಲ. ಹಾಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಡಿಟಿಎಚ್ ಮೂಲಕ ಅಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಇನ್ನು ಮಳೆ. ಬಯಲುಸೀಮೆಯವರಿಗೆ ಇಲ್ಲದ ತಲೆನೋವು ನಮಗೆ ಇದೊಂದು. ಡಿಶ್‌ಗೆ ಬರುವ ಅಲೆ 11-12 ಗಿಗಾಹರ್ಟ್ಸ್‌ನದ್ದು, ಜೋರು ಮಳೆ ಅದನ್ನು ದಾರಿಯಲ್ಲೇ ಹೀರಿಬಿಡುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಆಗುಂಬೆಯಲ್ಲಿ ಜುಲೈನಲ್ಲಿ ಯಾವ ಕಂಪನಿಯ ಡಿಶ್ ಹಾಕಿದರೂ ಮ್ಯಾಚ್ ಪೂರ್ತಿ ನೋಡುತ್ತೇನೆ ಅನ್ನುವ ಹಾಗಿಲ್ಲ. ಐಪಿಎಲ್ ಬೇಸಿಗೆಯಲ್ಲಿ ಬರುವುದರಿಂದ ಹೆಚ್ಚಿನ ವರ್ಷ ಬಚಾವ್. ಆದರೆ 2025ರಲ್ಲಿ ಟೂರ್ನಿ ಮಧ್ಯೆ ನಿಂತು ಫೈನಲ್ ಜೂನ್ 3ಕ್ಕೆ ಹೋಯಿತು, ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಆರ್‌ಸಿಬಿ ಅಷ್ಟು ವರ್ಷ ಕಾಯಿಸಿ ಕಪ್ ಗೆಲ್ಲುವ ದಿನ ಮಳೆಗಾಲದೊಳಗೇ ಬಂತು ನೋಡಿ.

ಪೂರ್ತಿ ತಪ್ಪಿಸಲು ಆಗದಿದ್ದರೂ ಕಮ್ಮಿ ಮಾಡಬಹುದು. ಸಾಮಾನ್ಯವಾಗಿ ಹಾಕುವ ಡಿಶ್ 60 ಸೆಂಟಿಮೀಟರ್ ಆಸುಪಾಸಿನದ್ದು. 90ರದ್ದು ಹಾಕಿಸಿದರೆ ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟು ಆಗುತ್ತದೆ, ಸಾಧಾರಣ ಮಳೆಗೆ ಚಿತ್ರ ಹೋಗುವುದಿಲ್ಲ. ಹಂಚಿನ ಮಾಡಿನ ತುದಿಗೆ ಡಿಶ್ ಕಟ್ಟಿಸಬೇಡಿ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಂಚಿನ ಮೇಲೆ ಹತ್ತುವುದು ಯಾವ ಮ್ಯಾಚ್‌ಗೂ ಬೇಡ. ಅಂಗಳದ ಬದಿಗೆ ಕೈಗೆಟುಕುವ ಹಾಗೆ ಕಬ್ಬಿಣದ ಕಂಬಕ್ಕೆ ಹಾಕಿಸಿ. ನಮ್ಮ ಕಡೆಯಿಂದ ಈ ಉಪಗ್ರಹಗಳು ಆಗ್ನೇಯ ದಿಕ್ಕಿನ ಆಕಾಶದಲ್ಲಿರುತ್ತವೆ. ಆ ಕಡೆ ಅಡಿಕೆ ಮರವೋ ಹಲಸಿನ ಕೊಂಬೆಯೋ ಬೆಳೆದಿದ್ದರೆ ಒಣ ಕಾಲದಲ್ಲಿ ಹೇಗೋ ನಡೆಯುತ್ತದೆ, ಎಲೆ ಒದ್ದೆಯಾದ ಕೂಡಲೇ ಎಚ್‌ಡಿ ತುಂಡು ತುಂಡಾಗುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಕ್ವಾಲಿಟಿ ಎರಡು ಪಟ್ಟಿ ಇರುತ್ತವೆ. ಕ್ವಾಲಿಟಿ ನೋಡಿ. ಬಿಸಿಲಿನ ದಿನವೇ ಅದು ಅರ್ಧಕ್ಕೆ ನಿಂತಿದ್ದರೆ ಡಿಶ್ ಸರಿದಿದೆ ಅಂತ ಅರ್ಥ. ಯಾಕೆ ಸರಿಯಿತು ಅಂತ ಕೇಳಬೇಡಿ, ನಮ್ಮ ಕಡೆ ಮಂಗಗಳಿಗೆ ಡಿಶ್ ಅಂದರೆ ಕುರ್ಚಿ. ಮುಂಗಾರಿಗೆ ಮೊದಲು ನಟ್ ಬಿಗಿ ಮಾಡಿಸಿ, ಕನೆಕ್ಟರ್‌ಗೆ ರಬ್ಬರ್ ಟೇಪ್ ಸುತ್ತಿಸಿ, ವೈರ್ ಮನೆಯೊಳಗೆ ಬರುವ ಮೊದಲು ಒಂದು ಕಡೆ ಕೆಳಗೆ ಜೋತುಬೀಳುವ ಹಾಗೆ ಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೂ ಕೀಳಬೇಕು, ಡಿಶ್‌ನಿಂದ ಬರುವ ವೈರನ್ನೂ ಬಾಕ್ಸ್‌ನಿಂದ ಬಿಚ್ಚಬೇಕು. ಕೊನೆಯ ಓವರ್ ಆದರೂ ಸರಿ.

ಡಿಶ್ ಸಹವಾಸವೇ ಬೇಡ, ನೆಟ್‌ನಲ್ಲೇ ನೋಡುತ್ತೇನೆ ಅನ್ನುವವರು ಈಗ ಜಾಸ್ತಿ. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗ ಮೂರು ತಿಂಗಳಿಗೆ 149, 299, 499 ಅಂತ ಮೂರು ಪ್ಲಾನ್ ಇಟ್ಟಿತ್ತು. 149ರದ್ದು ಒಂದು ಮೊಬೈಲ್‌ಗೆ, 720ರ ಚಿತ್ರ ಬರುತ್ತಿತ್ತು. ಟಿವಿಯಲ್ಲಿ 1080 ಬೇಕಾದರೆ ಆಗ 299ರದ್ದು ಹಾಕಿಸಬೇಕಿತ್ತು. ಬೆಲೆ ಬದಲಾಗುತ್ತಲೇ ಇರುತ್ತದೆ, ಕಟ್ಟುವ ದಿನ ಆ್ಯಪ್‌ನಲ್ಲಿ ನೋಡಿ. ಗಮನಿಸಬೇಕಾದ್ದು ಏನೆಂದರೆ, ದೊಡ್ಡ ಪ್ಲಾನ್ ತಗೊಂಡರೂ ಲೈವ್ ಮ್ಯಾಚ್ ನಡುವೆ ಜಾಹೀರಾತು ಬಂದೇ ಬರುತ್ತದೆ.

ಇದರಲ್ಲಿ ನಿಜವಾದ ಖರ್ಚು ಡೇಟಾದ್ದು. 1080ರ ಚಿತ್ರಕ್ಕೆ ಸೆಕೆಂಡಿಗೆ 6 ಮೆಗಾಬಿಟ್ ಹಿಡಿಯಿರಿ, ಗಂಟೆಗೆ 2.7 ಜಿಬಿ ಆಯಿತು. ನಾಲ್ಕು ಗಂಟೆಯ ಟಿ20ಗೆ 11 ಜಿಬಿ ಹತ್ತಿರ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಟಿವಿಯಲ್ಲಿ ನೋಡಿದರೆ ಮುಕ್ಕಾಲು ಗಂಟೆಗೆ, ಅಂದರೆ ಮೊದಲ ಇನ್ನಿಂಗ್ಸ್‌ನ ಹತ್ತನೇ ಓವರ್ ಸುಮಾರಿಗೆ ಕಥೆ ಮುಗಿಯಿತು. ಮನೆಗೆ ಫೈಬರ್ ಬಂದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಶಿವಮೊಗ್ಗದ ವಿನೋಬನಗರ, ಗೋಪಾಳದಲ್ಲಿ ಇರುವವರಿಗೆ ಇದೇ ಸುಲಭ. ಹೊಸನಗರ, ಬಿದನೂರು ನಗರದ ಕಡೆ ಒಂಟಿ ಮನೆಗಳಿಗೆ ಮರದಿಂದ ಮರಕ್ಕೆ ಎಳೆದ ವೈರ್ ಗಾಳಿಗೆ ಬಿದ್ದರೆ ಎರಡು ಮೂರು ದಿನ ನೆಟ್ ಇರುವುದಿಲ್ಲ, ಅಂಥ ಕಡೆ ಡಿಶ್ಶೇ ವಾಸಿ. ಮತ್ತೆ ನೆಟ್‌ನಲ್ಲಿ ಬರುವ ಚಿತ್ರ ಡಿಶ್‌ಗಿಂತ ಹಿಂದೆ ಇರುತ್ತದೆ. ನಿಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿರುತ್ತಾರೆ.

ಹಾಕಿಸುವುದು ಹೇಗೆ ಅಂದರೆ, ಡಿಟಿಎಚ್ ಕಂಪನಿಯ ಆ್ಯಪ್‌ನಲ್ಲಿ ಬಿಡಿ ಚಾನೆಲ್ ಹುಡುಕಿ ನೀವೇ ಸೇರಿಸುವುದು ಒಳ್ಳೆಯದು. ಫೋನ್ ಮಾಡಿದರೆ ಆ ಕಡೆಯವರು ಪ್ಯಾಕ್ ಮಾರಲು ನೋಡುತ್ತಾರೆ, ಅವರ ಕೆಲಸವೇ ಅದು. 'ಸರ್, ಬಿಡಿ ತಗೊಂಡರೆ ಲಾಸ್, ಪ್ಯಾಕ್‌ನಲ್ಲಿ ನಲವತ್ತು ಚಾನೆಲ್ ಬರುತ್ತದೆ' ಅಂದರೆ, 'ನಲವತ್ತು ನೋಡಲು ನಮ್ಮ ಮನೆಯಲ್ಲಿ ಜನ ಇಲ್ಲ ಮಾರಾಯ್ರೆ, ಒಂದು ಹಾಕಿ' ಅನ್ನಿ. ದಿನದ ಲೆಕ್ಕದಲ್ಲಿ ದುಡ್ಡು ಕಡಿತ ಆಗುತ್ತದಾ, ಇಪ್ಪತ್ತು ದಿನಕ್ಕೆ ತೆಗೆಸಿದರೆ ಉಳಿದದ್ದು ಖಾತೆಯಲ್ಲಿ ಇರುತ್ತದಾ ಅಂತ ಆಗಲೇ ಕೇಳಿಬಿಡಿ. ಕೇಬಲ್ ಆದರೆ ಊರಿನ ಕೇಬಲ್‌ನವರಿಗೆ ಹೇಳಬೇಕು, ಅವರು ಪರಿಚಯದವರೇ ಇರುತ್ತಾರೆ. ಪರಿಚಯ ಅಂತ ಬಿಲ್ ಕೇಳದೆ ಇರಬೇಡಿ, ಯಾವ ಚಾನೆಲ್‌ಗೆ ಎಷ್ಟು ಅಂತ ಬಿಡಿಸಿ ಬರೆದದ್ದು ಕೈಯಲ್ಲಿರಲಿ.

ಹಾಕಿಸಿದ ಮೇಲೂ ಎಸ್‌ಡಿಯನ್ನೇ ನೋಡುವ ಮನೆಗಳಿವೆ. ಎಚ್‌ಡಿ ಚಾನೆಲ್‌ಗೆ ನಂಬರ್ ಬೇರೆ, ಮನೆಯವರಿಗೆ ಬಾಯಿಪಾಠ ಆಗಿರುವುದು ಹಳೇ ನಂಬರ್. ಎಸ್‌ಡಿ ತೆಗೆಸಿದ್ದರೆ ಈ ತೊಂದರೆ ತಾನಾಗಿಯೇ ಹೋಗುತ್ತದೆ, ಇಲ್ಲದಿದ್ದರೆ ಹೊಸ ನಂಬರನ್ನು ಫೇವರಿಟ್‌ಗೆ ಹಾಕಿ, ಒಂದು ಚೀಟಿಯಲ್ಲಿ ಬರೆದು ರಿಮೋಟ್‌ನ ಬೆನ್ನಿಗೆ ಅಂಟಿಸಿ. ಎರಡನೇ ಟಿವಿ ಒಳಕೋಣೆಯಲ್ಲಿದ್ದರೆ ಅದಕ್ಕೆ ಎಚ್‌ಡಿ ಹಾಕಿಸಬೇಡಿ, ದೊಡ್ಡ ಮ್ಯಾಚ್‌ಗೆ ಎಲ್ಲರೂ ಹೇಗೂ ಜಗುಲಿಗೇ ಬರುತ್ತಾರೆ.

ಫೈನಲ್ ಮುಗಿದ ಮರುದಿನ ತೆಗೆಸಿ. ಮುಂದಿನ ರೀಚಾರ್ಜ್ ತನಕ ಇರಲಿ ಅಂತ ಬಿಟ್ಟರೆ ಅದು ದಸರಾ ತನಕ ಇರುತ್ತದೆ. ತೆಗೆಸಿದ್ದಕ್ಕೆ ಮೆಸೇಜ್ ಬಂತಾ ನೋಡಿ, ಎರಡು ದಿನ ಬಿಟ್ಟು ಬ್ಯಾಲೆನ್ಸ್ ನೋಡಿ. ಇನ್ನೂ ಕಡಿತ ಆಗುತ್ತಿದ್ದರೆ ಟೋಲ್ ಫ್ರೀ ನಂಬರ್‌ಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಅದೇ ನಂಬರ್ ಹಿಡಿದು ದೂರು ನೋಡಿಕೊಳ್ಳುವ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಬೇಕು. ನೇರ ಟ್ರಾಯ್‌ಗೆ ಬರೆದು ಪ್ರಯೋಜನ ಇಲ್ಲ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ಬಗೆಹರಿಸುವುದಿಲ್ಲ.